ಹೊಳೆಯ ಉಸಿರಿನ ಲೆಕ್ಕ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಕೊಳಚೆ ನೀರಿನ ಬಗ್ಗೆ ಮಾತಾಡುತ್ತೇನೆ ಅಂದರೆ ಸಾಮಾನ್ಯವಾಗಿ ಜನ ಮೂಗು ಮುಚ್ಚಿಕೊಂಡು ಜಾಗ ಖಾಲಿ ಮಾಡುತ್ತಾರೆ. ಇವತ್ತು ಕುರ್ಚಿಗಳು ತುಂಬಿವೆ. ಅದಕ್ಕೆ ಮೊದಲು ಕೃತಜ್ಞತೆ.

ನೇರವಾಗಿ ಒಂದು ಪ್ರಶ್ನೆಗೆ ಬರುತ್ತೇನೆ. ಊರಿನ ಚರಂಡಿ ನೀರು ಹಾಗೇ ಹೊಳೆಗೆ ಬಿದ್ದರೆ ಮೀನುಗಳು ಯಾಕೆ ಸಾಯುತ್ತವೆ? ಬಹಳ ಜನ ಕೊಡುವ ಉತ್ತರ ‘ವಿಷ’. ಕಾರ್ಖಾನೆಯ ನೀರಾದರೆ ಇದ್ದೀತು. ಮನೆಗಳಿಂದ ಬರುವ ಕೊಳಚೆಯಲ್ಲಿ ಮಾತ್ರ ನೂರಕ್ಕೆ 99.9 ಭಾಗ ಬರೀ ನೀರು. ಸಾವಿರ ಲೀಟರಿನಲ್ಲಿ ಹೆಚ್ಚುಕಡಿಮೆ ಒಂದು ಕಿಲೋ ಬೇರೆ ಪದಾರ್ಥ: ಮಲ, ಕೊಬ್ಬು, ಸೋಪು, ಉಪ್ಪು, ಮಣ್ಣು, ಪಾತ್ರೆ ತೊಳೆದ ಮುಸುರೆ. ಇದರಲ್ಲಿ ಅರ್ಧದಷ್ಟಾದರೂ ಬ್ಯಾಕ್ಟೀರಿಯಾಗಳಿಗೆ ಒಳ್ಳೆಯ ಆಹಾರ. ತೊಂದರೆ ಇರುವುದೇ ಅಲ್ಲಿ. ಆಹಾರ ಸಿಕ್ಕ ಬ್ಯಾಕ್ಟೀರಿಯಾ ತಿನ್ನುತ್ತವೆ, ಬೆಳೆಯುತ್ತವೆ, ಉಸಿರಾಡುತ್ತವೆ. ಉಸಿರಾಡುವುದಕ್ಕೆ ಹೊಳೆಯಲ್ಲಿ ಕರಗಿರುವ ಆಮ್ಲಜನಕವನ್ನೇ ಎಳೆದುಕೊಳ್ಳುತ್ತವೆ. ಮೀನು ಸಾಯುವುದು ಉಸಿರುಕಟ್ಟಿ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಹಾಗಾಗಿ ನಾವು ಅದರ ಬಗ್ಗೆ ಯೋಚಿಸುವುದೇ ಇಲ್ಲ. ನೀರಿನಲ್ಲಿ ಬದುಕುವ ಪ್ರಾಣಿಗೆ ಆ ಅನುಕೂಲ ಇಲ್ಲ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಸಿಹಿನೀರು ಹಿಡಿದಿಟ್ಟುಕೊಳ್ಳುವುದು 9 ಮಿಲಿಗ್ರಾಂ. ನೀರು 30 ಡಿಗ್ರಿಗೆ ಬಿಸಿಯಾದರೆ ಏಳೂವರೆ. ಬಹುತೇಕ ಮೀನುಗಳಿಗೆ 5 ಮಿಲಿಗ್ರಾಂ ಆದರೂ ಬೇಕು. 2ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಜಾತಿಗಳು ಉಳಿಯುವುದಿಲ್ಲ. ಬಿಸಿಲು ಏರಿದಾಗ ನೀರಿನಲ್ಲಿ ಆಮ್ಲಜನಕ ಕಡಿಮೆ, ಬ್ಯಾಕ್ಟೀರಿಯಾಗಳ ಹಸಿವು ಹೆಚ್ಚು, ಮಳೆಯಿಲ್ಲದ ಕಾಲವಾದರೆ ಹೊಳೆಯ ಹರಿವೂ ಸಣ್ಣದು. ಮೂರೂ ಒಟ್ಟಿಗೆ ಬಂದು ಬೀಳುತ್ತವೆ.

ಈಗ ಒಂದು ಜಮಾ-ಖರ್ಚಿನ ಲೆಕ್ಕ ಹಾಕೋಣ. ಕೊಳಚೆ ಎಷ್ಟು ಆಮ್ಲಜನಕ ತಿನ್ನುತ್ತದೆ ಎಂದು ಅಳೆಯಲು ಬಿಒಡಿ ಎಂಬ ಪರೀಕ್ಷೆ ಇದೆ. ಮಾದರಿ ನೀರನ್ನು ತೆಳುಗೊಳಿಸಿ ಬಾಟಲಿಯಲ್ಲಿ ಮುಚ್ಚಿ, 20 ಡಿಗ್ರಿಯಲ್ಲಿ, ಕತ್ತಲೆಯಲ್ಲಿ ಐದು ದಿನ ಇಡುತ್ತಾರೆ; ಆ ಐದು ದಿನಗಳಲ್ಲಿ ಖರ್ಚಾಗಿ ಹೋದ ಆಮ್ಲಜನಕವೇ ಬಿಒಡಿ. ವಿನ್ಯಾಸ ಮಾಡುವ ಎಂಜಿನಿಯರುಗಳು ಒಬ್ಬ ಮನುಷ್ಯನಿಗೆ ದಿನಕ್ಕೆ 60 ಗ್ರಾಂ ಬಿಒಡಿ ಎಂದು ಹಿಡಿಯುವುದುಂಟು. ಆ ಮನುಷ್ಯ ದಿನಕ್ಕೆ 200 ಲೀಟರ್ ನೀರು ಬಳಸಿದರೆ, ಕೊಳಚೆಯ ಬಿಒಡಿ ಲೀಟರಿಗೆ 300 ಮಿಲಿಗ್ರಾಂ. ಹೊಳೆಯ ಒಂದು ಲೀಟರಿನಲ್ಲಿ 8 ಮಿಲಿಗ್ರಾಂ ಆಮ್ಲಜನಕ ಇದೆ ಅಂದುಕೊಳ್ಳಿ. ಮೀನಿಗಾಗಿ 5 ಉಳಿಸಬೇಕಲ್ಲ, ಖರ್ಚಿಗೆ ಸಿಗುವುದು 3 ಮಾತ್ರ. ಅಂದರೆ ಒಂದು ಲೀಟರ್ ಕೊಳಚೆಯನ್ನು ತಾಳಿಕೊಳ್ಳಲು ನೂರು ಲೀಟರ್ ಒಳ್ಳೆಯ ನೀರು ಬೇಕು. ಹತ್ತು ಸಾವಿರ ಜನರ ಪುಟ್ಟ ಊರಿಗೆ ಇದೇ ಲೆಕ್ಕ ಹಿಡಿದರೆ ದಿನಕ್ಕೆ 20 ಕೋಟಿ ಲೀಟರ್. ಸೆಕೆಂಡಿಗೆ ಸುಮಾರು 2,300 ಲೀಟರ್ ಹರಿಯುವ ಹೊಳೆ. ಅಷ್ಟು ದೊಡ್ಡ ಹೊಳೆ ಪುಟ್ಟ ಊರುಗಳ ಪಕ್ಕದಲ್ಲಿ ಹರಿಯುವುದು ಅಪರೂಪ, ಬೇಸಿಗೆಯಲ್ಲಂತೂ ಇನ್ನೂ ಅಪರೂಪ.

ಹೊಳೆ ಸುಮ್ಮನೆ ಕೂತಿರುವುದಿಲ್ಲ ಎನ್ನುವುದೂ ನಿಜ. ಮೇಲ್ಮೈಯಿಂದ, ಕಲ್ಲುಗಳ ಮೇಲೆ ಧುಮುಕುವಾಗ, ಅದು ಗಾಳಿಯಿಂದ ಆಮ್ಲಜನಕ ತುಂಬಿಕೊಳ್ಳುತ್ತಲೇ ಇರುತ್ತದೆ. ಒಂದು ಕಡೆ ಖರ್ಚು, ಇನ್ನೊಂದು ಕಡೆ ಜಮಾ. ಅಮೆರಿಕದ ಒಹಾಯೊ ನದಿಯನ್ನು ಅಧ್ಯಯನ ಮಾಡಿದ ಸ್ಟ್ರೀಟರ್ ಮತ್ತು ಫೆಲ್ಪ್ಸ್ 1925ರಲ್ಲಿ ಇದನ್ನು ಗಣಿತದ ಸೂತ್ರವಾಗಿ ಬರೆದರು. ಆ ಸೂತ್ರದಿಂದ ಹೊರಡುವ ವಕ್ರರೇಖೆ ಜೋಲಿಯಂತೆ ಕೆಳಗೆ ಬಾಗಿ ಮತ್ತೆ ಮೇಲೇಳುತ್ತದೆ. ಅದರಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ: ಆಮ್ಲಜನಕ ಅತಿ ಕಡಿಮೆಯಾಗುವ ಜಾಗ ಕೊಳಚೆ ಬೀಳುವ ಬಾಯಿ ಅಲ್ಲ. ಅದು ಕೆಳಗೆ, ಎಷ್ಟೋ ಸಲ ಹಲವು ಕಿಲೋಮೀಟರ್ ದೂರದಲ್ಲಿ ಇರುತ್ತದೆ. ಬ್ಯಾಕ್ಟೀರಿಯಾಗಳಿಗೆ ತಿನ್ನಲು ಹೊತ್ತು ಬೇಕು, ಅಷ್ಟರಲ್ಲಿ ನೀರು ಮುಂದೆ ಹೋಗಿರುತ್ತದೆ. ಹೀಗಾಗಿ ಕೊಳಚೆ ಬಿಟ್ಟ ಊರಿನವರ ಕಣ್ಣಿಗೆ ಸತ್ತ ಮೀನು ಬೀಳದೇ ಇರಬಹುದು. ಕೆಳಗಿನ ಊರಿನವರಿಗೆ ಬೀಳುತ್ತದೆ. ಊರೂರುಗಳ ನಡುವಿನ ಎಷ್ಟೋ ಜಗಳಗಳಲ್ಲಿ ಇಬ್ಬರೂ ತಾವು ಕಂಡ ಸತ್ಯವನ್ನೇ ಹೇಳುತ್ತಿರುತ್ತಾರೆ.

ಸಂಸ್ಕರಣಾ ಘಟಕ ಏನು ಮಾಡುತ್ತದೆ ಎನ್ನುವುದು ಈಗ ಸುಲಭ. ಹೊಳೆ ಹತ್ತಾರು ಕಿಲೋಮೀಟರ್ ಉದ್ದಕ್ಕೂ ಮಾಡುವ ಕೆಲಸವನ್ನು ಅದು ಕೆಲವೇ ತೊಟ್ಟಿಗಳೊಳಗೆ ಮುಗಿಸುತ್ತದೆ. ಮಾಡುವವು ಅದೇ ಜಾತಿಯ ಜೀವಿಗಳು. ಆಮ್ಲಜನಕವನ್ನು ಮಾತ್ರ ಹೊಳೆಯಿಂದ ಪಡೆಯದೆ ನಾವು ಕರೆಂಟು ಖರ್ಚು ಮಾಡಿ ಒದಗಿಸುತ್ತೇವೆ.

ಮೊದಲ ಹಂತಗಳನ್ನು ಬೇಗ ದಾಟಿಬಿಡುತ್ತೇನೆ. ಕಂಬಿಗಳ ಜಾಲರಿ ಬಟ್ಟೆ, ಪ್ಲಾಸ್ಟಿಕ್, ಕಡ್ಡಿಗಳನ್ನು ತಡೆಯುತ್ತದೆ. ಅದರ ಮುಂದಿನ ಕಾಲುವೆಯಲ್ಲಿ ನೀರಿನ ವೇಗವನ್ನು ಸೆಕೆಂಡಿಗೆ ಸುಮಾರು 30 ಸೆಂಟಿಮೀಟರಿಗೆ ಇಳಿಸುತ್ತಾರೆ. ಆ ವೇಗಕ್ಕೆ ಮರಳು ತಳ ಸೇರುತ್ತದೆ, ಹಗುರವಾದ ಕೊಳೆ ತೇಲಿಕೊಂಡೇ ಮುಂದೆ ಹೋಗುತ್ತದೆ. ದೊಡ್ಡ ಘಟಕಗಳಲ್ಲಿ ಆಮೇಲೆ ಒಂದು ತಂಗುತೊಟ್ಟಿ, ಅಂದರೆ ಕೊಳೆ ತಳ ಸೇರಲೆಂದು ನೀರನ್ನು ತಂಗಿಸುವ ತೊಟ್ಟಿ, ಇರುತ್ತದೆ. ಸಣ್ಣ ಊರುಗಳಲ್ಲಿ ಅದನ್ನು ಬಿಟ್ಟುಬಿಡುವುದೇ ಹೆಚ್ಚು.

ನಿಜವಾದ ಕಥೆ ಗಾಳಿ ತೊಟ್ಟಿಯದು. ಕೊಳಚೆಗೆ ಗಾಳಿ ಊದಿದರೆ ಅದು ಶುದ್ಧವಾಗುತ್ತದೆ ಎನ್ನುವುದು 19ನೇ ಶತಮಾನದ ಕೊನೆಗೇ ಗೊತ್ತಿತ್ತು. ಆದರೆ ವಾರಗಟ್ಟಲೆ ಊದಬೇಕಾಗಿತ್ತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ಇಬ್ಬರು ಒಂದು ಸರಳ ಬದಲಾವಣೆ ಮಾಡಿದರು. ಪ್ರತಿ ಸಲ ಶುದ್ಧವಾದ ನೀರನ್ನು ಮೇಲಿಂದ ಬಸಿದುಕೊಂಡು, ತಳದಲ್ಲಿ ಉಳಿದ ಕಂದು ಕೆಸರನ್ನು ಚೆಲ್ಲದೆ ಪಾತ್ರೆಯಲ್ಲೇ ಬಿಟ್ಟರು. ಅದರ ಮೇಲೆ ಹೊಸ ಕೊಳಚೆ ಸುರಿದು ಮತ್ತೆ ಗಾಳಿ ಊದಿದರು. ಮೊದಲ ಸಲ ಐದು ವಾರ ಹಿಡಿದ ಕೆಲಸ ಕೆಸರು ಕೂಡುತ್ತಾ ಹೋದಂತೆ 24 ಗಂಟೆಗೂ ಕಡಿಮೆಗೆ ಬಂತು. 1914ರಲ್ಲಿ ಅವರು ಇದನ್ನು ಪ್ರಕಟಿಸಿದರು. ಎಲ್ಲರೂ ಕಸವೆಂದು ಎಸೆಯುತ್ತಿದ್ದ ಆ ಕೆಸರೇ ಹಸಿದ ಬ್ಯಾಕ್ಟೀರಿಯಾಗಳ ದಂಡಾಗಿತ್ತು. ಇವತ್ತಿಗೂ ಜಗತ್ತಿನ ಘಟಕಗಳಲ್ಲಿ ಬಹುಪಾಲು ನಡೆಯುವುದು ಈ ಉಪಾಯದ ಮೇಲೆಯೇ.

ಈ ಬ್ಯಾಕ್ಟೀರಿಯಾಗಳಿಗೆ ಇನ್ನೊಂದು ಗುಣವಿದೆ, ಅದಿಲ್ಲದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಅವು ಒಂದಕ್ಕೊಂದು ಅಂಟಿಕೊಂಡು ಸಣ್ಣ ಸಣ್ಣ ಮುದ್ದೆಗಳಾಗುತ್ತವೆ. ಮುದ್ದೆಗೆ ತೂಕ ಇರುವುದರಿಂದ ಮುಂದಿನ ತಂಗುತೊಟ್ಟಿಯಲ್ಲಿ ತಳಕ್ಕಿಳಿಯುತ್ತವೆ, ಮೇಲಿನ ತಿಳಿನೀರು ಅಂಚಿನಿಂದ ಹೊರಗೆ ಬೀಳುತ್ತದೆ. ತಳದ ಕೆಸರನ್ನು ಪಂಪು ಮಾಡಿ ಮತ್ತೆ ಗಾಳಿ ತೊಟ್ಟಿಗೆ ಕಳಿಸುತ್ತಾರೆ. ಬ್ಯಾಕ್ಟೀರಿಯಾ ಚೆನ್ನಾಗಿ ತಿಂದರೆ ಸಾಲದು, ಚೆನ್ನಾಗಿ ಕೆಳಗೆ ಕೂರಬೇಕು. ಕೂರದೆ ತೇಲಿದರೆ ಅವೇ ಹೊಳೆಗೆ ಹೋಗಿ ಅಲ್ಲಿ ಹೊಸ ಕೊಳಚೆಯಾಗುತ್ತವೆ.

ಇದನ್ನು ನೋಡಲು ದುಬಾರಿ ಯಂತ್ರ ಬೇಡ. ಒಂದು ಲೀಟರಿನ ಗಾಜಿನ ಅಳತೆ ಜಾಡಿಯಲ್ಲಿ ಗಾಳಿ ತೊಟ್ಟಿಯ ನೀರು ತುಂಬಿ ಅರ್ಧ ಗಂಟೆ ಅಲುಗಾಡಿಸದೆ ಇಡುವುದು. ಕೆಸರು ಜಾಡಿಯ ಕಾಲು ಭಾಗಕ್ಕೆ ಇಳಿದು, ಮೇಲಿನ ನೀರು ತಿಳಿಯಾಗಿದ್ದರೆ ಸಾಮಾನ್ಯವಾಗಿ ಕ್ಷೇಮ. ಅರ್ಧ ಗಂಟೆಯಾದರೂ ಹತ್ತಿಯಂತೆ ಉಬ್ಬಿಕೊಂಡು ನಿಂತಿದ್ದರೆ ಎಳೆ ಎಳೆಯಾಗಿ ಬೆಳೆಯುವ ಜಾತಿಯ ಬ್ಯಾಕ್ಟೀರಿಯಾ ಹೆಚ್ಚಾಗಿರಬಹುದು; ಆಮ್ಲಜನಕದ ಕೊರತೆ ಅದಕ್ಕೆ ಒಂದು ಸಾಮಾನ್ಯ ಕಾರಣ. ಸೂಕ್ಷ್ಮದರ್ಶಕ ಇದ್ದರೆ ಇನ್ನೂ ಸೊಗಸು. ಹೂವಿನ ತೊಟ್ಟಿನಂಥ ಕಾಲಿನ ಮೇಲೆ ಗಂಟೆಯಾಕಾರದ ವೋರ್ಟಿಸೆಲ್ಲಾ ಕಾಣಿಸುತ್ತದೆ, ಬಿಡಿಬಿಡಿಯಾಗಿ ಈಜುವ ಬ್ಯಾಕ್ಟೀರಿಯಾಗಳನ್ನು ಅದು ಹೆಕ್ಕಿ ತಿನ್ನುತ್ತಿರುತ್ತದೆ. ಅಂಥವು ಧಾರಾಳವಾಗಿದ್ದರೆ ಹೊರಬೀಳುವ ನೀರು ತಿಳಿಯಾಗಿರುತ್ತದೆ. ವರದಿ ಓದುವುದಕ್ಕಿಂತ ಅದನ್ನು ನೋಡುವುದು ನನಗೆ ಇಷ್ಟ, ಒಪ್ಪಿಕೊಳ್ಳುತ್ತೇನೆ.

ಸಣ್ಣ ಊರಿನ ಕಷ್ಟಗಳು ಬೇರೆ. ಮಹಾನಗರದಲ್ಲಿ ಬರುವ ಕೊಳಚೆಯ ಏರಿಳಿತ ಅಷ್ಟೊಂದು ಇರುವುದಿಲ್ಲ. ಪುಟ್ಟ ಊರಿನಲ್ಲಿ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಎದ್ದು ಒಟ್ಟಿಗೆ ನೀರು ಬಿಡುತ್ತಾರೆ, ರಾತ್ರಿ ಹೆಚ್ಚುಕಡಿಮೆ ಸೊನ್ನೆ. ಈ ಏರಿಳಿತವನ್ನು ತಾಳಲು ಕೊಳಚೆಯನ್ನು ಕೆಲವೇ ಗಂಟೆಗಳ ಬದಲು ಒಂದು ದಿನದಷ್ಟು ಹೊತ್ತು ಗಾಳಿ ತೊಟ್ಟಿಯಲ್ಲಿ ಉಳಿಸಿಕೊಳ್ಳುವ ವಿಧಾನವಿದೆ. ನೆದರ್ಲೆಂಡ್ಸ್‌ನ ಪಾಸ್ವೀರ್ 1950ರ ದಶಕದಲ್ಲಿ ಸಣ್ಣ ಊರುಗಳಿಗೆಂದೇ ಓಟದ ಮೈದಾನದ ಆಕಾರದ ಕಾಲುವೆ ರೂಪಿಸಿದರು. ಅದರಲ್ಲಿ ತಿರುಗುವ ಕುಂಚಗಳು ನೀರನ್ನು ಸುತ್ತಿಸುತ್ತಲೇ ಗಾಳಿಯನ್ನೂ ಬೆರೆಸುತ್ತವೆ. ಜಾಗ ಧಾರಾಳವಾಗಿದ್ದರೆ ಯಂತ್ರವೇ ಇಲ್ಲದ ಕೊಳಗಳೂ ಆದೀತು. ಆಳವಿಲ್ಲದ ಕೊಳದಲ್ಲಿ ಪಾಚಿ ಬೆಳೆದು, ಬಿಸಿಲಿನಲ್ಲಿ ಅದು ಕೊಡುವ ಆಮ್ಲಜನಕದಿಂದಲೇ ಬ್ಯಾಕ್ಟೀರಿಯಾ ಬದುಕುತ್ತವೆ. ಬಿಸಿ ಹವೆಯ ಸಣ್ಣ ಊರುಗಳಿಗೆ ನನ್ನ ಮೊದಲ ಆಯ್ಕೆ ಈ ಕೊಳವೇ. ಉದ್ಘಾಟನೆಗೆ ಒತ್ತಲು ಅದರಲ್ಲಿ ಗುಂಡಿ ಇರುವುದಿಲ್ಲ ಎನ್ನುವುದೊಂದೇ ಅದರ ದೊಡ್ಡ ಕೊರತೆ ಇರಬೇಕು.

ಯಂತ್ರವಿರುವ ಘಟಕದಲ್ಲಿ ಕರೆಂಟಿನ ಅರ್ಧ ಭಾಗ, ಎಷ್ಟೋ ಕಡೆ ಅದಕ್ಕಿಂತ ಹೆಚ್ಚು, ಗಾಳಿ ಊದುವ ಬ್ಲೋವರಿಗೇ ಹೋಗುತ್ತದೆ. ಖರ್ಚು ಉಳಿಸಬೇಕೆಂದರೆ ಎಲ್ಲರ ಕೈ ಮೊದಲು ಹೋಗುವುದು ಅದರ ಸ್ವಿಚ್ಚಿಗೆ. ಸ್ವಲ್ಪ ಹೊತ್ತು ನಿಲ್ಲಿಸಿದರೆ ಬ್ಯಾಕ್ಟೀರಿಯಾ ಸುಧಾರಿಸಿಕೊಳ್ಳುತ್ತವೆ. ರಾತ್ರಿಯಿಡೀ, ದಿನದಿನವೂ ನಿಲ್ಲಿಸಿದರೆ ಮುದ್ದೆಗಳು ಒಡೆದು, ಕೆಸರು ಕಪ್ಪಾಗಿ ನಾರಿ, ತಂಗುತೊಟ್ಟಿಯಲ್ಲಿ ಗುಳ್ಳೆಗಳ ಜೊತೆ ಮೇಲೆದ್ದು ಬರುತ್ತದೆ. ಹೊರಗಿನಿಂದ ನೋಡುವವರಿಗೆ ಕಟ್ಟಡ, ತೊಟ್ಟಿ, ಬೋರ್ಡು ಎಲ್ಲ ಇರುತ್ತವೆ. ಹೊಳೆಗೆ ಘಟಕ ಇಲ್ಲದಂತೆಯೇ.

ಇನ್ನೊಂದು ಸಂಗತಿ ಕೆಸರಿನ ಲೆಕ್ಕ. ತಿಂದ ಬ್ಯಾಕ್ಟೀರಿಯಾ ದಿನದಿನಕ್ಕೆ ಹೆಚ್ಚುತ್ತಾ ಹೋಗುತ್ತವಾದ್ದರಿಂದ ಹೆಚ್ಚಾದದ್ದನ್ನು ಹೊರಗೆ ತೆಗೆಯಲೇಬೇಕು. ಒಂದು ಕಿಲೋ ಬಿಒಡಿ ತೆಗೆದರೆ ಸರಿಸುಮಾರು ಅರ್ಧ ಕಿಲೋ ಒಣ ತೂಕದ ಕೆಸರು ಹುಟ್ಟುತ್ತದೆ. ಆಗ ಹೇಳಿದ ಹತ್ತು ಸಾವಿರ ಜನರ ಊರಿನ 600 ಕಿಲೋ ಬಿಒಡಿಗೆ ದಿನಕ್ಕೆ 300 ಕಿಲೋ ಆಸುಪಾಸು. ಅದನ್ನು ಒಣಗಿಸುವ ಹಾಸು ಬೇಕು, ಸಾಗಿಸಲು ಗಾಡಿ ಬೇಕು, ಹಾಕಲು ಜಾಗ ಬೇಕು. ಯಾವುದಾದರೂ ಘಟಕ ತಿಂಗಳುಗಟ್ಟಲೆ ಇಷ್ಟು ಕೊಳಚೆ ಶುದ್ಧ ಮಾಡಿದೆವು ಎಂದು ಲೆಕ್ಕ ಕೊಟ್ಟು, ಕೆಸರು ಎಲ್ಲಿಗೆ ಹೋಯಿತು ಅಂದಾಗ ಉತ್ತರ ಕೊಡದಿದ್ದರೆ, ಅದು ಹೊಳೆಗೇ ಹೋಗಿದೆ ಎಂದು ಅನುಮಾನಪಡಿ. ಕೆಸರು ಗಾಳಿಯಲ್ಲಿ ಮಾಯವಾಗುವ ವಸ್ತುವಲ್ಲ.

ಬಿಒಡಿ ಇಳಿಯಿತು, ಹೊಳೆ ಉಳಿಯಿತೇ? ಪೂರ್ತಿ ಇಲ್ಲ. ಮೂತ್ರದಿಂದ ಬರುವ ಅಮೋನಿಯಾ ಇದೆ. ಅದು ಮೀನಿನ ಕಿವಿರಿಗೆ ನೇರವಾಗಿ ಹಾನಿ ಮಾಡುತ್ತದೆ, ನೀರು ಕ್ಷಾರವಾದಷ್ಟೂ ಬಿಸಿಯಾದಷ್ಟೂ ಹೆಚ್ಚು. ಅದಲ್ಲದೆ ಅಮೋನಿಯಾದಲ್ಲಿರುವ ಒಂದು ಮಿಲಿಗ್ರಾಂ ಸಾರಜನಕ ನೈಟ್ರೇಟ್ ಆಗಲು ನಾಲ್ಕೂವರೆ ಮಿಲಿಗ್ರಾಂ ಆಮ್ಲಜನಕ ಬೇಕು. ಈ ಕೆಲಸ ಮಾಡುವ ಬ್ಯಾಕ್ಟೀರಿಯಾಗಳು ಬಲು ನಿಧಾನ ಬೆಳೆಯುವ ಜಾತಿ. ಆಪರೇಟರ್ ಅವಸರದಲ್ಲಿ ಕೆಸರನ್ನು ಅತಿಯಾಗಿ ಹೊರಹಾಕಿದರೆ ಇವು ಮೊದಲು ಕಾಣೆಯಾಗುತ್ತವೆ. ಕೆಸರು ತೆಗೆಯದಿದ್ದರೂ ತಪ್ಪು, ಹೆಚ್ಚು ತೆಗೆದರೂ ತಪ್ಪು. ಜಾಡಿಯ ಪರೀಕ್ಷೆ ಮಾಡುತ್ತಾ, ಮೂಗಿನಿಂದ ವಾಸನೆ ಹಿಡಿಯುತ್ತಾ, ನೊರೆಯ ಬಣ್ಣ ನೋಡುತ್ತಾ ಈ ಹದ ಕಾಯುವ ಮನುಷ್ಯನೇ ಸಣ್ಣ ಘಟಕದ ಜೀವ. ಎಷ್ಟೋ ಕಡೆ ಆತನಿಗೆ ಸರಿಯಾದ ತರಬೇತಿಯೂ ಇಲ್ಲ, ಸಂಬಳವೂ ಇಲ್ಲ.

ಆಮೇಲೆ ಕೊಳಚೆಯಲ್ಲಿರುವ ರಂಜಕ (ಫಾಸ್ಫರಸ್). ಕೆನಡಾದ ಒಂಟಾರಿಯೊದಲ್ಲಿ ವಿಜ್ಞಾನಿಗಳ ಪ್ರಯೋಗಕ್ಕೆಂದೇ ಮೀಸಲಿಟ್ಟ ಸರೋವರಗಳಿವೆ. ಅವುಗಳಲ್ಲಿ 226 ಸಂಖ್ಯೆಯ ಸರೋವರಕ್ಕೆ 1973ರಲ್ಲಿ ಡೇವಿಡ್ ಶಿಂಡ್ಲರ್ ಅವರ ತಂಡ ನಡುವೆ ಪರದೆ ಕಟ್ಟಿ, ಎರಡು ಕಡೆಗೂ ಇಂಗಾಲ ಮತ್ತು ಸಾರಜನಕ ಹಾಕಿ, ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿತು. ರಂಜಕ ಬಿದ್ದ ಭಾಗ ಪಾಚಿ ಕಟ್ಟಿ ಹಸಿರಾಯಿತು. ಮೇಲಿಂದ ತೆಗೆದ ಆ ಒಂದು ಚಿತ್ರ ಸಾವಿರ ಭಾಷಣ ಮಾಡಲಾಗದ್ದನ್ನು ಮಾಡಿತು. ಒಂದು ಗ್ರಾಂ ರಂಜಕ ನೂರು ಗ್ರಾಮಿನಷ್ಟು ಒಣ ತೂಕದ ಪಾಚಿಯನ್ನು ಬೆಳೆಸಬಲ್ಲದು; ಆ ಪಾಚಿ ಸತ್ತು ಕೊಳೆಯುವಾಗ ಮತ್ತೆ ಆಮ್ಲಜನಕದ ಖರ್ಚು. ಘಟಕದಲ್ಲಿ ಆಲಂ ಅಥವಾ ಕಬ್ಬಿಣದ ಲವಣ ಬೆರೆಸಿದರೆ ರಂಜಕ ಗಟ್ಟಿಯಾಗಿ ಕೆಸರಿನ ಜೊತೆ ಇಳಿಯುತ್ತದೆ. ಮುಂದೆ ಕೆರೆಯೋ ಅಣೆಕಟ್ಟೋ ಇದ್ದರೆ ಈ ಹಂತ ಬಿಡುವಂತಿಲ್ಲ.

ರೋಗಾಣುಗಳ ಮಾತು ಎರಡೇ ವಾಕ್ಯದಲ್ಲಿ. ಗಾಳಿ ತೊಟ್ಟಿಯಲ್ಲಿ ಮಲದ ಬ್ಯಾಕ್ಟೀರಿಯಾಗಳ ಪೈಕಿ ನೂರಕ್ಕೆ 99 ಹೋದವು ಎಂದುಕೊಂಡರೂ, ನೂರು ಮಿಲಿಲೀಟರಿನಲ್ಲಿ ಒಂದು ಕೋಟಿ ಇದ್ದಲ್ಲಿ ಒಂದು ಲಕ್ಷ ಉಳಿಯುತ್ತವೆ. ಅದಕ್ಕೇ ಕೊನೆಯಲ್ಲಿ ಕ್ಲೋರಿನ್ ಅಥವಾ ನೇರಳಾತೀತ ಬೆಳಕು ಬೇಕು, ಮತ್ತು ಕ್ಲೋರಿನ್ ಹಾಕಿದರೆ ಉಳಿದದ್ದನ್ನು ತೆಗೆದೇ ಬಿಡಬೇಕು, ಯಾಕೆಂದರೆ ಅದು ಮೀನಿಗೂ ವಿಷ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತು. ಬ್ರಿಟನ್ನಿನ ಕೊಳಚೆ ವಿಲೇವಾರಿ ಕುರಿತ ರಾಯಲ್ ಕಮಿಷನ್ 1912ರಲ್ಲಿ ಒಂದು ಮಾನದಂಡ ಕೊಟ್ಟಿತು: ಹೊರಬಿಡುವ ನೀರಿನಲ್ಲಿ ತೇಲುಕಣ ಲೀಟರಿಗೆ 30 ಮಿಲಿಗ್ರಾಂ, ಬಿಒಡಿ 20 ಮೀರಬಾರದು. ಈ ಎರಡು ಸಂಖ್ಯೆಗಳು ಜಗತ್ತಿನಾದ್ಯಂತ ಹರಡಿದವು. ಅವುಗಳ ಜೊತೆಗಿದ್ದ ಮೂರನೆಯ ಮಾತು ಹಿಂದೆ ಬಿತ್ತು: ಹೊಳೆಯಲ್ಲಿ ಕನಿಷ್ಠ ಎಂಟು ಪಟ್ಟು ಒಳ್ಳೆಯ ನೀರು ಹರಿಯುತ್ತಿರಬೇಕು. ಮಾನದಂಡದೊಳಗೇ ಹೊಳೆ ಇತ್ತು, ನಾವು ಅದನ್ನು ಬಿಟ್ಟು ಪೈಪನ್ನು ಮಾತ್ರ ಉಳಿಸಿಕೊಂಡೆವು. ಬೇಸಿಗೆಯಲ್ಲಿ ಎಷ್ಟೋ ಸಣ್ಣ ಹೊಳೆಗಳಲ್ಲಿ ಎಂಟು ಪಟ್ಟು ಹಾಗಿರಲಿ, ಸಮಪಾಲು ನೀರೂ ಇರುವುದಿಲ್ಲ. ಘಟಕದಿಂದ ಬಂದದ್ದೇ ಹೊಳೆ. ಅಲ್ಲಿ 20 ಎನ್ನುವುದು ಕಾಗದದ ಮೇಲೆ ಪಾಸು, ನೀರಿನಲ್ಲಿ ನಪಾಸು. ಅದೇ ಘಟಕ ಇನ್ನೂ ಚೆನ್ನಾಗಿ ಕೆಲಸ ಮಾಡಿದರೆ, ಬತ್ತಿಹೋಗಬೇಕಿದ್ದ ಹೊಳೆಯಲ್ಲಿ ವರ್ಷವಿಡೀ ನೀರು ಹರಿಸುವುದೂ ಅದೇ. ಆದ್ದರಿಂದ ಘಟಕಕ್ಕೆ ಎಷ್ಟು ಅಂಕ ಎನ್ನುವುದನ್ನು ಪೈಪಿನ ಬಾಯಲ್ಲಿ ಅಳೆದರೆ ಸಾಲದು, ಆ ಹೊಳೆ ಅತಿ ಸಣಕಲಾಗಿರುವ ವಾರದಲ್ಲಿ, ಕೆಳಗಡೆ, ಅಳೆಯಬೇಕು.

ನನ್ನ ಮಾತು ಇಷ್ಟು. ಇನ್ನು ಪ್ರಶ್ನೆಗಳು.

“ಮಳೆ ಬಂದಾಗ ಘಟಕದಿಂದ ಕಂದು ನೀರು ಬರುತ್ತದೆ, ಯಾಕೆ ಸಾರ್?” ಎಂದು ಒಬ್ಬ ಯುವಕ ಕೇಳಿದರು.

ಮನೆಯ ಮಾಳಿಗೆಯ ಮಳೆನೀರನ್ನು ಒಳಚರಂಡಿಗೆ ಸೇರಿಸಿರುತ್ತಾರೆ, ಪೈಪುಗಳ ಬಿರುಕಿನಿಂದಲೂ ನೀರು ನುಗ್ಗುತ್ತದೆ. ಹರಿವು ಹಲವು ಪಟ್ಟು ಏರಿದಾಗ ತಂಗುತೊಟ್ಟಿಯಲ್ಲಿ ಕೆಸರಿಗೆ ಕೂರಲು ಪುರುಸೊತ್ತು ಸಿಗದೆ ಅಂಚು ದಾಟಿ ಹೋಗುತ್ತದೆ. ತಿಂಗಳುಗಟ್ಟಲೆ ಸಾಕಿದ ಬ್ಯಾಕ್ಟೀರಿಯಾ ಒಂದೇ ಮಳೆಗೆ ಹೊಳೆಪಾಲು. ಮಳೆನೀರನ್ನು ಬೇರೆ ಚರಂಡಿಗೆ ಬಿಡುವುದು ಇದಕ್ಕೆ ಇರುವ ಅಗ್ಗದ ಪರಿಹಾರ.

“ಔಷಧಿಗಳು, ಗರ್ಭನಿರೋಧಕ ಮಾತ್ರೆಗಳು ನೀರಿಗೆ ಸೇರುತ್ತವಂತೆ, ಘಟಕ ಅವನ್ನು ತೆಗೆಯುತ್ತದೆಯೇ?” ಎಂದು ಇನ್ನೊಬ್ಬರು ಕೇಳಿದರು.

ಸ್ವಲ್ಪ ತೆಗೆಯುತ್ತದೆ, ಪೂರ್ತಿ ಇಲ್ಲ. ಆ ಉದ್ದೇಶಕ್ಕೆ ಕಟ್ಟಿದ್ದೇ ಅಲ್ಲ ಅದು. ಆಗ ಹೇಳಿದ ಕೆನಡಾದ ಪ್ರಯೋಗ ಸರೋವರಗಳಲ್ಲೇ ಇನ್ನೊಂದಕ್ಕೆ 2001ರಿಂದ 2003ರವರೆಗೆ ಗರ್ಭನಿರೋಧಕ ಮಾತ್ರೆಯ ಕೃತಕ ಈಸ್ಟ್ರೋಜನ್ ಬೆರೆಸಿದರು, ಲೀಟರಿಗೆ ಐದಾರು ನ್ಯಾನೊಗ್ರಾಂ ಅಷ್ಟೇ. ಫ್ಯಾಟ್‌ಹೆಡ್ ಮಿನ್ನೊ ಎಂಬ ಪುಟ್ಟ ಮೀನಿನ ಸಂತತಿ ಅಲ್ಲಿ ನಶಿಸುವ ಹಂತಕ್ಕೆ ಬಂತು. ಓಜೋನ್, ಸಕ್ರಿಯ ಇದ್ದಿಲು ಬಳಸಿದರೆ ಇಂಥವನ್ನು ಬಹಳಷ್ಟು ತೆಗೆಯಬಹುದು, ಸಣ್ಣ ಊರಿಗೆ ಖರ್ಚು ಭಾರ. ಉಳಿದ ಮಾತ್ರೆಗಳನ್ನು ಶೌಚಕ್ಕೆ ಸುರಿಯದಿರುವುದು ನಮ್ಮ ಕೈಯಲ್ಲಿದೆ.

ಕೊನೆಗೆ ಒಬ್ಬ ಹಿರಿಯರು, “ಪ್ರಯೋಗಾಲಯ ಇಲ್ಲದ ನಮ್ಮಂಥವರು ಘಟಕ ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ?” ಎಂದರು.

ಹೊಳೆಗೆ ಇಳಿಯಿರಿ. ಘಟಕದ ಮೇಲ್ಗಡೆ ಒಂದು ಕಡೆ, ಕೆಳಗಡೆ ಎರಡು ಮೂರು ಕಡೆ, ನೀರೊಳಗಿನ ಕಲ್ಲುಗಳನ್ನು ಎತ್ತಿ ಅಡಿಭಾಗ ನೋಡಿ. ಬಾಲದಲ್ಲಿ ಮೂರು ಎಳೆಗಳಿರುವ ಮೇಫ್ಲೈ ಎಂಬ ಕೀಟದ ಮರಿಗಳು ಇದ್ದರೆ ಅಲ್ಲಿ ಆಮ್ಲಜನಕ ಚೆನ್ನಾಗಿದೆ. ಮೇಲ್ಗಡೆ ಅವು ಇದ್ದು, ಕೆಳಗಡೆ ಬರೀ ಕೆಂಪು ಹುಳುಗಳು ಕಂಡರೆ ಘಟಕದ ಬಾಗಿಲು ತಟ್ಟಿ. ಆ ಹುಳುಗಳ ಮೈಯಲ್ಲಿ ನಮ್ಮ ರಕ್ತದಲ್ಲಿರುವಂತೆ ಹಿಮೋಗ್ಲೋಬಿನ್ ಇರುವುದರಿಂದ ಅತಿ ಕಡಿಮೆ ಆಮ್ಲಜನಕದಲ್ಲೂ ಅವು ಬದುಕುತ್ತವೆ. ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಸಣ್ಣ ಕಿಟ್ಟುಗಳೂ ಸಿಗುತ್ತವೆ. ಅದನ್ನು ಬಳಸುವುದಾದರೆ ಸೂರ್ಯ ಹುಟ್ಟುವ ಮೊದಲು ಹೋಗಿ. ಪಾಚಿ ಹಗಲು ಆಮ್ಲಜನಕ ಕೊಟ್ಟು ರಾತ್ರಿಯಿಡೀ ತಾನೇ ಎಳೆದುಕೊಳ್ಳುತ್ತದೆ, ಹಾಗಾಗಿ ಬೆಳಗಿನ ಜಾವ ಹೊಳೆಗೆ ಅತಿ ಕಷ್ಟದ ಹೊತ್ತು. ಯಾರಾದರೂ ಮಧ್ಯಾಹ್ನ ಮೂರಕ್ಕೆ ಅಳೆದ ಸಂಖ್ಯೆ ತೋರಿಸಿ ಎಲ್ಲ ಸರಿಯಿದೆ ಎಂದರೆ, ಬೆಳಗಿನ ಐದು ಗಂಟೆಯದು ಕೊಡಿ ಎಂದು ಕೇಳಿ.